ಝೈಲಿಟಾಲ್‌: ಕಾಫಿಗೆ ಸೈ, ಪಾಕಕ್ಕೆ ನೈ

ಮೈಸೂರು ಪಾಕು, ಚಿಕ್ಕಿ, ಕೊಬ್ಬರಿ ಮಿಠಾಯಿಗೆಂದು ಝೈಲಿಟಾಲ್‌, ಅಂದರೆ ಸಕ್ಕರೆಯ ಬದಲು ಬಳಸುವ ಈ ಸಿಹಿ ಹರಳನ್ನು ಕೊಳ್ಳುವವರಿದ್ದರೆ ಇಲ್ಲೇ ನಿಲ್ಲಿ. ಎಳೆ ಪಾಕ ಬರುವುದಿಲ್ಲ. ಎಷ್ಟು ಕುದಿಸಿದರೂ ಬೆರಳಿಗೆ ನೀರುನೀರಾಗಿಯೇ ಹತ್ತುತ್ತದೆ, ಕೆಂಪಗಾಗುವ ಮಾತೂ ಇಲ್ಲ. ಇಳಿಸಿ ಆರಲು ಬಿಟ್ಟರೆ ಹರಳುಗಟ್ಟಿ ಕೂರುತ್ತದೆ. ಹರಳು ಸುಮಾರು 94 ಡಿಗ್ರಿಗೇ ಕರಗುವುದರಿಂದ ಸಕ್ಕರೆಯ ಲೆಕ್ಕದಲ್ಲಿ ಉರಿ ಹಿಡಿದರೆ ಕಡಲೆ ಹಿಟ್ಟು, ತುಪ್ಪ ಎರಡೂ ದಂಡ. ಬೆಲೆಯೋ, ಸಕ್ಕರೆಯ ಹತ್ತು ಪಟ್ಟು ದಾಟುತ್ತದೆ.

ರವೆ ಉಂಡೆಯ ತೊಂದರೆ ಬೇರೆ. ಪುಡಿ ಮಾಡಿ ಬೆರೆಸಿದ್ದು ಬಾಯಲ್ಲಿ ಕರಗುವಾಗ ಶಾಖ ಹೀರಿಕೊಳ್ಳುತ್ತದೆ. ಏಲಕ್ಕಿ, ತುಪ್ಪದ ನಡುವೆ ಪುದೀನ ಕಚ್ಚಿದಂಥ ತಣುಪು. ಅದೇ ಗುಣ ಅನಾನಸ್ ಹೋಳಿನ ಮೇಲೆ ಬಲು ಸೊಗಸು. ತಿನ್ನುವ ಹೊತ್ತಿಗೇ ಉದುರಿಸಬೇಕು, ರಸಕ್ಕೆ ಕರಗಿಹೋದರೆ ತಣುಪೂ ಹೋಯಿತು.

ಇಷ್ಟಾದರೂ ಡಬ್ಬಿ ಖಾಲಿಯಾದಾಗ ಮತ್ತೆ ತರಿಸುವುದು ಫಿಲ್ಟರ್ ಕಾಫಿಗಾಗಿ. ಲೋಟದ ತಳಕ್ಕೆ ಒಂದೂವರೆ ಚಮಚ, ಮೇಲೆ ಗಟ್ಟಿ ಡಿಕಾಕ್ಷನ್, ಆಮೇಲೆ ಉಕ್ಕಿದ ಹಾಲು. ಡಬರಿಗೆ ಎರಡು ಸಲ ಎತ್ತಿ ಹೊಯ್ದರೆ ಮುಗಿಯಿತು. ಸಿಹಿ ಸಕ್ಕರೆಯಷ್ಟೇ, ಅಳತೆಯೂ ಅಷ್ಟೇ. ಸಕ್ಕರೆಗೆ ಇನ್ನೊಂದು ಬದಲಿಯಾದ ಸ್ಟೀವಿಯಾ ನಾಲಿಗೆಯ ಹಿಂದೆ ಬಿಟ್ಟುಹೋಗುವ ಕಹಿ ಇದರಲ್ಲಿಲ್ಲ.

ಕೇಸರಿಬಾತಿಗೂ ಒಗ್ಗುತ್ತದೆ. ರವೆ ಪೂರ್ತಿ ಬೆಂದ ಮೇಲೆ ಹಾಕಿ, ನೀರು ಕಾಲು ಲೋಟ ಕಡಿಮೆ ಮಾಡಿ, ಇಲ್ಲದಿದ್ದರೆ ಅಂಬಲಿಯಾಗುತ್ತದೆ. ಆದರೆ 200 ಗ್ರಾಂ ಸುರಿದು ಎಂಟು ಜನಕ್ಕೆ ಬಡಿಸಿದರೆ ತಲೆಗೆ 25 ಗ್ರಾಂ. ಅಭ್ಯಾಸವಿಲ್ಲದ ಹೊಟ್ಟೆ ಗುಡುಗುಡು ಎನ್ನಲು, ಕೆಲವರಿಗೆ ಭೇದಿಯಾಗಲು ಅದು ಸಾಕು. ಮೊದಮೊದಲು ಅರ್ಧ ಸಕ್ಕರೆ, ಅರ್ಧ ಇದು. ಯೀಸ್ಟ್ ಹಾಕುವ ಬನ್ನಿಗೂ ಒಂದು ಚಮಚ ನಿಜವಾದ ಸಕ್ಕರೆ ಬೇಕೇ ಬೇಕು, ಯೀಸ್ಟ್ ಇದನ್ನು ಮುಟ್ಟುವುದಿಲ್ಲ.

ಪೊಟ್ಟಣದ ಮೇಲೆ ಬರ್ಚ್ ಮರದ ಚಿತ್ರವಿದ್ದರೆ ಮರುಳಾಗಬೇಡಿ. ಫಿನ್‌ಲೆಂಡಿನಲ್ಲಿ ಆ ಮರದಿಂದ ತೆಗೆಯುತ್ತಿದ್ದದ್ದು ನಿಜ, ಈಗ ಬಹುಪಾಲು ಮೆಕ್ಕೆಜೋಳದ ದಿಂಡಿನಿಂದ. ಕ್ಯಾಲರಿ ಶೂನ್ಯವೂ ಅಲ್ಲ: ಗ್ರಾಂಗೆ 2.4, ಸಕ್ಕರೆಗೆ 4. ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುವುದಿಲ್ಲ ಎಂದು ಮಧುಮೇಹಿಗಳು ಎರಡನೇ ಸಲ ಕೇಸರಿಬಾತು ಹಾಕಿಸಿಕೊಂಡರೆ ರವೆ ತನ್ನ ಕೆಲಸ ಮಾಡಿಯೇ ಮಾಡುತ್ತದೆ.

ಮಳೆಗಾಲದಲ್ಲಿ ತೇವ ಹೀರಿ ಗಟ್ಟಿಯಾಗುತ್ತದೆ, ಬಿಗಿ ಮುಚ್ಚಳದ ಗಾಜಿನ ಡಬ್ಬಿಯೇ ಆಗಬೇಕು. ಅದನ್ನು ನಾಯಿಗೆ ಎಟುಕದಷ್ಟು ಮೇಲಿಡಿ. ಹತ್ತು ಕಿಲೋ ತೂಗುವ ನಾಯಿಗೆ ಒಂದು ಗ್ರಾಂ, ಅಂದರೆ ಕಾಲು ಚಮಚ, ರಕ್ತದ ಸಕ್ಕರೆ ಕುಸಿಯಲು ಸಾಕು. ತಟ್ಟೆಯಲ್ಲಿ ಮಿಕ್ಕ ಕೇಸರಿಬಾತನ್ನೂ ಅದಕ್ಕೆ ಹಾಕಬೇಡಿ. ತಿಂದುಬಿಟ್ಟಿದ್ದರೆ ಲಕ್ಷಣಕ್ಕೆ ಕಾಯದೆ ಪಶುವೈದ್ಯರಲ್ಲಿಗೆ ಓಡಿ.