ಹೂವಯ್ಯನ ಕಣ್ಣು, ಗುತ್ತಿಯ ಕಾಲು: ಕುವೆಂಪು ಅವರ ಎರಡು ಕಾದಂಬರಿಗಳು

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರಲ್ಲಿ ಪ್ರಕಟವಾಯಿತು, ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ. ಎರಡರ ನಡುವೆ ಮೂವತ್ತೊಂದು ವರ್ಷಗಳ ಅಂತರವಿದ್ದರೂ ಎರಡೂ ನಡೆಯುವುದು ತೀರ್ಥಹಳ್ಳಿಯ ಸುತ್ತಲಿನ ಅದೇ ಮಲೆನಾಡಿನಲ್ಲಿ, ಅದೇ ಗೌಡ–ಹೆಗ್ಗಡೆಯವರ ಮನೆಗಳಲ್ಲಿ ಮತ್ತು ಆ ಮನೆಗಳಿಗೆ ದುಡಿಯುವ ಆಳುಗಳ ಬಿಡಾರಗಳಲ್ಲಿ. ಈ ಮಳೆಗಾಲದಲ್ಲಿ ಒಂದರ ಬೆನ್ನಿಗೆ ಇನ್ನೊಂದನ್ನು ಓದಿದ್ದರಿಂದ, ಇವುಗಳಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂದು ಕೇಳುವವರಿಗೆ ನನ್ನ ಅಭಿಪ್ರಾಯವನ್ನು ಕೊಂಚ ವಿವರವಾಗಿ ಹೇಳಬಹುದು ಎನಿಸುತ್ತದೆ. ‘ಮೊದಲು ಕಾನೂರು ಓದಿ, ಅದು ಸುಲಭ, ಮದುಮಗಳನ್ನು ಆಮೇಲೆ ನೋಡಿಕೊಳ್ಳಿ’ ಎಂಬುದು ಓದುಗರ ವಲಯದಲ್ಲಿ ರೂಢಿಯಾಗಿರುವ ಮಾತು. ಅದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

‘ಕಾನೂರು’ ಸುಲಭವೆಂಬುದು ನಿಜ. ಮೈಸೂರಿನಲ್ಲಿ ಓದುತ್ತಿರುವ ಹೂವಯ್ಯ ಮತ್ತು ರಾಮಯ್ಯ ರಜೆಗೆಂದು ಊರಿಗೆ ಮರಳುವಲ್ಲಿ ಕಥೆ ತೆರೆದುಕೊಳ್ಳುತ್ತದೆ. ಗಾಡಿ ಮಗುಚಿ ಹೂವಯ್ಯನ ಬೆನ್ನಿಗೆ ಪೆಟ್ಟಾಗುವುದು, ಅವನು ಮುತ್ತಳ್ಳಿಯಲ್ಲಿ ಹಾಸಿಗೆ ಹಿಡಿಯುವುದು, ಅಲ್ಲಿ ಸೀತೆಯೊಂದಿಗೆ ಮನಸ್ಸು ಬೆರೆಯುವುದು, ಇವೆಲ್ಲ ಒಂದಕ್ಕೊಂದು ಸರಪಳಿಯಂತೆ ಕೂಡಿಕೊಂಡು ಓದುಗನನ್ನು ಎಲ್ಲಿಯೂ ನಿಲ್ಲಲು ಬಿಡದೆ ಕರೆದೊಯ್ಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಹಳ್ಳಿಗೆ ಹೊಸಬನಾದ ಓದುಗನಿಗೆ ಹೂವಯ್ಯನೇ ಜೊತೆಗಾರ. ದೆಯ್ಯದ ಹರಕೆಗೆ ಪ್ರಾಣಿಬಲಿ ಕೊಡುವುದನ್ನು ಕಂಡು ಅವನು ನೊಂದಾಗ ನಾವೂ ನೋಯುತ್ತೇವೆ. ಕಾನೂರು ಮನೆಯ ಯಜಮಾನ ಚಂದ್ರಯ್ಯಗೌಡರ ದರ್ಪಕ್ಕೆ ಅವನು ತಲೆ ಬಾಗದಿದ್ದಾಗ ನಮಗೂ ಸಮಾಧಾನವಾಗುತ್ತದೆ. ಯಾವುದು ಸರಿ, ಯಾವುದು ತಪ್ಪು ಎಂದು ತೂಗಿ ನೋಡುವ ಹೊಣೆಯನ್ನು ಅವನು ನಮ್ಮ ಪರವಾಗಿ ಹೊತ್ತುಕೊಂಡಿರುತ್ತಾನೆ.

ನನಗೆ ತೊಡಕಾದದ್ದೂ ಇದೇ. ಕಾದಂಬರಿಯ ನಡುಭಾಗಕ್ಕೆ ಬರುವ ಹೊತ್ತಿಗೆ ಹೂವಯ್ಯನ ಆದರ್ಶ ಅವನ ಸುತ್ತಲಿನವರ ಬದುಕಿಗಿಂತ ಹೆಚ್ಚಿನ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಅವನ ಧ್ಯಾನ, ಓದು, ಪ್ರಕೃತಿಯ ಎದುರಿನ ತನ್ಮಯತೆ ಇವುಗಳನ್ನು ವರ್ಣಿಸುವ ಗದ್ಯ ಒಂದೊಂದು ಕಡೆ ಬಹಳ ಎತ್ತರಕ್ಕೆ ಏರುತ್ತದೆ, ಇನ್ನೊಂದು ಕಡೆ ಉಪನ್ಯಾಸದಂತೆ ಭಾರವಾಗುತ್ತದೆ. ಅಂಥ ಪುಟಗಳನ್ನು ದಾಟಿ ಬೇಲರ ಬೈರ ಕದ್ದು ಬಗನಿ ಮರದಿಂದ ಕಳ್ಳು ಇಳಿಸುವಂಥ ಪ್ರಸಂಗಕ್ಕೆ ಬಂದಾಗ ಪುಸ್ತಕಕ್ಕೆ ಮತ್ತೆ ಉಸಿರು ಬಂದಂತಾಗುತ್ತದೆ. ಹೂವಯ್ಯನಿಲ್ಲದ ಕಡೆಗಳಲ್ಲಿಯೇ ಈ ಕಾದಂಬರಿ ಹೆಚ್ಚು ಜೀವಂತವಾಗಿದೆ ಎಂದರೆ ಅವನ ಅಭಿಮಾನಿಗಳು ಮುನಿಸಿಕೊಂಡಾರು, ಆದರೂ ನನ್ನ ಅನುಭವ ಅದೇ.

‘ಮದುಮಗಳು’ ಕಾದಂಬರಿಯಲ್ಲಿ ಹೀಗೆ ಕೈಹಿಡಿದು ನಡೆಸುವವರಿಲ್ಲ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಲೇಖಕರು ಆರಂಭದಲ್ಲೇ ಸಾರಿಬಿಡುತ್ತಾರೆ, ಮತ್ತು ಆ ಮಾತನ್ನು ಅಕ್ಷರಶಃ ನಡೆಸಿಕೊಡುತ್ತಾರೆ. ಮೊದಲು ಎದುರಾಗುವವನು ಸಿಂಬಾವಿ ಭರಮೈಹೆಗ್ಗಡೆಯವರ ಜೀತದಾಳು ನಾಯಿಗುತ್ತಿ, ಅವನ ಜೊತೆಗೆ ಹುಲಿಯ ಎಂಬ ನಾಯಿ. ಒಡೆಯರ ಕೆಲಸದ ಮೇಲೆ ಹೊರಟಿದ್ದರೂ ಅವನ ಮನಸ್ಸೆಲ್ಲ ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವುದರ ಮೇಲಿದೆ. ಗುತ್ತಿ ಯಾವುದನ್ನೂ ವಿಮರ್ಶಿಸುವುದಿಲ್ಲ, ನಡೆಯುತ್ತಾನೆ ಅಷ್ಟೆ. ಅವನು ಯಾವ ಮನೆಯ ಅಂಗಳದಲ್ಲಿ ನಿಲ್ಲುತ್ತಾನೋ ಆ ಮನೆಯ ಕಥೆ ಅಲ್ಲಿಂದ ಕವಲೊಡೆಯುತ್ತದೆ. ಹಂದಿದೊಡ್ಡಿಯಲ್ಲೇ ಲೋಕ ಕಾಣುವ ಹಳೆಮನೆಯ ಮುದುಕ ಸುಬ್ಬಣ್ಣಹೆಗ್ಗಡೆ, ತಿರುಪತಿಗೆ ಹೋದ ಗಂಡ ಹಿಂದಿರುಗದೆ ಬುದ್ಧಿ ಕದಡಿಕೊಂಡ ಅದೇ ಮನೆಯ ಹೆಗ್ಗಡಿತಿ, ಪಾದ್ರಿಯ ಮಾತಿಗೆ ಮರುಳಾಗಿ ‘ಕಿಲಸ್ತರ’ (ಕ್ರೈಸ್ತರ) ಜಾತಿಗೆ ಸೇರಲು ಹೊರಟ ಬೆಟ್ಟಳ್ಳಿಯ ದೇವಯ್ಯ, ಮೇಗರವಳ್ಳಿಯ ಅಂತಕ್ಕ ಮತ್ತು ಅವಳ ಮಗಳು ಕಾವೇರಿ: ಇವರಲ್ಲಿ ಒಬ್ಬರನ್ನು ಕೈಬಿಟ್ಟರೂ ಕಾದಂಬರಿಯ ಒಂದು ಭಾಗ ಕುಸಿಯುತ್ತದೆ.

ಆರಂಭದ ನೂರು ಪುಟಗಳು ಕಷ್ಟವೆಂಬ ದೂರು ಸುಳ್ಳಲ್ಲ. ಆದರೆ ಆ ಕಷ್ಟ ಭಾಷೆಯದಲ್ಲ, ತಾಳ್ಮೆಯದು. ಊರಿಗೆ ಮೊದಲ ಬಾರಿ ಬೈಸಿಕಲ್ಲು ಬಂದಾಗ ಜನ ಅದನ್ನು ‘ಬೀಸೇಕಲ್ಲು’ ಎಂದುಕೊಂಡು ಬೆರಗಾಗಿ ನೋಡುವ ಪ್ರಸಂಗವನ್ನು ತೆಗೆದುಕೊಳ್ಳಿ. ಅಲ್ಲಿ ಹಾಸ್ಯ ಉಕ್ಕುತ್ತದೆ, ನಿಜ. ಆದರೆ ಆ ನಗೆಯಲ್ಲಿ ಹಳ್ಳಿಗರನ್ನು ಮೇಲಿನಿಂದ ನೋಡುವ ತಿರಸ್ಕಾರ ಎಳ್ಳಷ್ಟೂ ಇಲ್ಲ. ಇದೇ ಪ್ರಸಂಗ ‘ಕಾನೂರಿ’ನಲ್ಲಿ ಬಂದಿದ್ದರೆ ಹೂವಯ್ಯ ಪಕ್ಕದಲ್ಲಿ ನಿಂತು ಮರುಕದಿಂದ ಮುಗುಳ್ನಗುತ್ತಿದ್ದ, ಅವನೊಂದಿಗೆ ನಾವೂ ಒಂದು ಮೆಟ್ಟಿಲು ಮೇಲೇರಿ ನಿಲ್ಲುತ್ತಿದ್ದೆವು. ಗುತ್ತಿ ಕೆಸರು ತುಳಿಯುತ್ತಿರುವ ಕಾಲದಲ್ಲೇ, 1893ರಲ್ಲಿ, ಚಿಕಾಗೋದಲ್ಲಿ ವಿವೇಕಾನಂದರು ಮಾತನಾಡಿದ್ದನ್ನು ಲೇಖಕರು ಕಥೆಯ ನಡುವೆ ನೆನೆಯುತ್ತಾರೆ. ಎರಡು ಲೋಕಗಳನ್ನು ಒಂದೇ ನೇರದಲ್ಲಿ ಇಟ್ಟು ನೋಡುವ ಈ ಧೈರ್ಯ ಮೊದಲ ಕಾದಂಬರಿಯ ಲೇಖಕರಿಗೆ ಇರಲಿಲ್ಲವೆಂದೇ ನನ್ನ ಭಾವನೆ.

ಹೆಣ್ಣಿನ ಚಿತ್ರಣಕ್ಕೆ ಬಂದರೆ ತಕ್ಕಡಿ ಅಷ್ಟು ಸುಲಭವಾಗಿ ಒಂದು ಕಡೆಗೆ ವಾಲುವುದಿಲ್ಲ. ‘ಮದುಮಗಳಿ’ನ ಹೆಣ್ಣುಗಳು ಕಾಲ್ತೆಗೆದು ನಡೆಯಬಲ್ಲವರು. ಒಡೆಯ ಗೊತ್ತುಮಾಡಿದ ಗಂಡನ್ನು ಒಲ್ಲದೆ ತಿಮ್ಮಿ ಗುತ್ತಿಯೊಡನೆ ಹೊರಟುಬಿಡುತ್ತಾಳೆ. ಹೂವಳ್ಳಿಯ ಚಿನ್ನಮ್ಮ ಭರಮೈಹೆಗ್ಗಡೆಯೊಂದಿಗಿನ ಮದುವೆಯಿಂದ ಪಾರಾಗಲು ರಾತ್ರಿಯ ಕತ್ತಲಲ್ಲಿ ಮನೆ ಬಿಟ್ಟು ಕಾಡು ಹತ್ತುತ್ತಾಳೆ, ಐತನ ಹೆಂಡತಿ ಪೀಂಚಲು ಅವಳಿಗೆ ಬೆಂಗಾವಲಾಗುತ್ತಾಳೆ. ಜೀತದ ಬಿಡಾರದ ಹೆಣ್ಣು ಒಡೆಯರ ಮನೆಯ ಹೆಣ್ಣಿಗೆ ಧೈರ್ಯ ಹೇಳುವ ಆ ಪುಟಗಳಿಗೆ ಸಮನಾದದ್ದು ಕನ್ನಡದಲ್ಲಿ ಕಡಿಮೆ. ಆದರೂ ‘ಕಾನೂರಿ’ನ ಸುಬ್ಬಮ್ಮನಂಥ ಪಾತ್ರ ಅಲ್ಲಿ ಇಲ್ಲ. ನೆಲ್ಲುಹಳ್ಳಿಯ ಬಡಮನೆಯಿಂದ ಚಂದ್ರಯ್ಯಗೌಡರ ಮೂರನೆಯ ಹೆಂಡತಿಯಾಗಿ ಬಂದ ಹುಡುಗಿ ಅಡುಗೆಮನೆಯ ಜಗಳಗಳಿಂದ, ಗಂಡನ ಹೊಡೆತದಿಂದ, ಹೆಗ್ಗಡಿತಿ ಎಂಬ ಹೆಸರಿನ ಅಮಲಿನಿಂದ ಹಂತ ಹಂತವಾಗಿ ಬೇರೆಯೇ ಆಗುತ್ತ ಹೋಗುವುದನ್ನು ಕುವೆಂಪು ಅವರು ಕಿಂಚಿತ್ತೂ ಅವಸರವಿಲ್ಲದೆ ತೋರಿಸುತ್ತಾರೆ. ಮೊದಲ ಮುದ್ರಣದಲ್ಲಿ ಕಾದಂಬರಿಯ ಹೆಸರಿನಲ್ಲೇ ಸುಬ್ಬಮ್ಮ ಇದ್ದಳು. ಅವಳನ್ನು ಒಳ್ಳೆಯವಳೆಂದೂ ಕೆಟ್ಟವಳೆಂದೂ ಹೇಳಲಾಗದೆ ಓದುಗ ಸಂಕಟಪಡುವ ಆ ಭಾಗಗಳಲ್ಲಿ ಹೂವಯ್ಯನ ತಕ್ಕಡಿಯೂ ಕೆಲಸಕ್ಕೆ ಬರುವುದಿಲ್ಲ, ಮತ್ತು ಅದು ಆ ಕಾದಂಬರಿಯ ಅತ್ಯುತ್ತಮ ಭಾಗ.

ಮಾತಿನ ವಿಚಾರ ಒಂದಿದೆ. ನಾನು ಬಯಲುಸೀಮೆಯವನಾದ್ದರಿಂದ ಎರಡೂ ಪುಸ್ತಕಗಳ ಸಂಭಾಷಣೆ ಕಣ್ಣಿಗೆ ತಡವರಿಸುತ್ತಿತ್ತು. ಕೊಪ್ಪದ ಕಡೆಯವರಾದ ನಮ್ಮ ಅತ್ತೆಯವರ ಎದುರು ಕೆಲವು ಅಧ್ಯಾಯಗಳನ್ನು ಗಟ್ಟಿಯಾಗಿ ಓದಿದ ಮೇಲೆ ಆ ತೊಡಕು ಬಹುಮಟ್ಟಿಗೆ ಕಳೆಯಿತು. ನಾನು ತಪ್ಪು ಜಾಗದಲ್ಲಿ ಒತ್ತು ಕೊಟ್ಟಾಗಲೆಲ್ಲ ಅವರು ‘ಹಂಗಲ್ಲ’ ಎಂದು ತಿದ್ದಿ, ಅದೇ ಸಾಲನ್ನು ತಾವೇ ಹೇಳುತ್ತಿದ್ದರು. ‘ಮದುಮಗಳು’ ಓದುವಾಗ ಹೀಗೆ ತಿದ್ದಿಸಿಕೊಂಡದ್ದು ಹೆಚ್ಚು, ಏಕೆಂದರೆ ಅಲ್ಲಿ ಗೌಡರ ಮಾತು, ಕೂಲಿಯಾಳುಗಳನ್ನು ಕರೆತಂದು ಕೆಲಸ ಮಾಡಿಸುವ ಸೇರೆಗಾರರ ಮಾತು, ಜೀತದಾಳುಗಳ ಮಾತು ಒಂದೊಂದೂ ಬೇರೆ ಬೇರೆ. ‘ಕಾನೂರಿ’ನಲ್ಲಿ ಓದಿದವರು ಮಾತಿಗೆ ತೊಡಗಿದೊಡನೆ ಪುಸ್ತಕದ ಕನ್ನಡ ನುಗ್ಗಿಬಿಡುತ್ತದೆ, ಆ ಭಾಗಗಳಿಗೆ ಅತ್ತೆಯವರು ಕಿವಿಗೊಡದೆ ಎದ್ದು ಒಳಗೆ ಹೋಗುತ್ತಿದ್ದರು.

‘ಕಾನೂರು’ 1999ರಲ್ಲಿ ಗಿರೀಶ ಕಾರ್ನಾಡರ ನಿರ್ದೇಶನದಲ್ಲಿ ಚಲನಚಿತ್ರವಾಯಿತು, ‘ಮದುಮಗಳು’ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇಡೀ ರಾತ್ರಿಯ ನಾಟಕವಾಯಿತು. ಇವು ಓದಿಗೆ ಬದಲಿಯಲ್ಲ, ಆದ್ದರಿಂದ ಇಲ್ಲಿ ಅವುಗಳ ಚರ್ಚೆ ಬೇಡ.

ಒಂದನ್ನೇ ಓದಲು ಬಿಡುವಿರುವವರು ‘ಮದುಮಗಳ’ನ್ನೇ ಓದಬೇಕೆಂದು ನಾನು ಹೇಳುತ್ತೇನೆ. ಎರಡನ್ನೂ ಓದಲಿರುವವರೂ ಅದರಿಂದಲೇ ಆರಂಭಿಸುವುದು ಒಳ್ಳೆಯದು; ಹೂವಯ್ಯನ ಕಣ್ಣಿಗೆ ಒಮ್ಮೆ ಒಗ್ಗಿಕೊಂಡರೆ ಗುತ್ತಿಯ ದಾರಿಯಲ್ಲಿಯೂ ಒಬ್ಬ ಹೂವಯ್ಯನನ್ನು ಹುಡುಕುವ ಚಾಳಿ ಬಿಡುವುದು ಕಷ್ಟ. ದಪ್ಪ ಪುಸ್ತಕಗಳನ್ನು ಅರ್ಧಕ್ಕೇ ಮಡಿಚಿಡುವ ಅಭ್ಯಾಸವಿರುವವರು ಮಾತ್ರ ರೂಢಿಯ ಸಲಹೆಯಂತೆ ‘ಕಾನೂರಿ’ನಿಂದ ತೊಡಗಲಿ. ‘ಮದುಮಗಳ’ನ್ನು ಮೊದಲು ತೆರೆಯುವವರು ಪುಸ್ತಕದೊಳಗೆ ಒಂದು ಚೀಟಿ ಇಟ್ಟುಕೊಂಡು ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ, ಮೇಗರವಳ್ಳಿ ಎಂದು ಊರುಗಳ ಹೆಸರು ಬರೆದು, ಬಂದ ಬಂದವರನ್ನು ಅವರವರ ಮನೆಯ ಕೆಳಗೆ ಸೇರಿಸುತ್ತ ಹೋಗಲಿ; ಆಳುಗಳನ್ನೂ ಮರೆಯದೆ ಸೇರಿಸಲಿ, ನಾಯಿಯನ್ನೂ ಸಹ.