ಎಸ್.ಪಿ. ರೋಡಿನಲ್ಲಿ ಡಿಪಿ ಗೇಜ್ ಕೊಳ್ಳುವವರೇ, ಸೊನ್ನೆ ನೋಡದೆ ದುಡ್ಡು ಕೊಡಬೇಡಿ

ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆ ಮೇಂಟೆನೆನ್ಸ್ ನೋಡಿಕೊಳ್ಳುವವರು ದಯವಿಟ್ಟು ಓದಿ. ಹೊಟ್ಟೆ ಉರಿದು ಬರೆಯುತ್ತಿದ್ದೇನೆ. ಮಾತು ಹಿಂದೆ ಮುಂದೆ ಆದರೆ ಕ್ಷಮಿಸಿ.

ನಮ್ಮದು ಪೀಣ್ಯದಲ್ಲಿ ಮಾತ್ರೆ ಪ್ಯಾಕಿಂಗ್ ಮಾಡುವ ಸಣ್ಣ ಯೂನಿಟ್. ರೂಮಿಗೆ ಗಾಳಿ ಶೋಧಿಸಿ ಕಳಿಸುವ ಎಎಚ್‌ಯು ಮೆಷಿನ್ನಿನ ಫಿಲ್ಟರ್‌ಗಳಿಗೆ ಡಿಪಿ ಗೇಜ್, ಅಂದರೆ ಎರಡು ಕಡೆಯ ಗಾಳಿ ಒತ್ತಡದ ವ್ಯತ್ಯಾಸ ತೋರಿಸುವ ಮೀಟರ್, ಬೇಕಿತ್ತು. ಎಸ್.ಪಿ. ರೋಡಿನ ಒಂದು ಅಂಗಡಿಯಿಂದ ಮೂರು ಪೀಸ್ ತಂದೆವು, 0–100 ಮಿ.ಮೀ. ರೇಂಜ್ (ಒತ್ತಡವನ್ನು ನೀರಿನ ಎತ್ತರದಲ್ಲಿ ಹೇಳುವ ಲೆಕ್ಕ). “ಒರಿಜಿನಲ್ ಸಾರ್, ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಜೊತೆಗೇ ಬರುತ್ತೆ” ಅಂದ ಅಂಗಡಿಯವನು. ಬಾಕ್ಸ್ ಚೆನ್ನಾಗಿತ್ತು, ಡಯಲ್ ಚೆನ್ನಾಗಿತ್ತು, ಗೇಜ್ ಸರಿಯಾಗಿ ಅಳೆಯುತ್ತೆ ಅನ್ನುವ ಆ ಸರ್ಟಿಫಿಕೇಟಿನ ಮೇಲೆ ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಮುದ್ರೆಯೂ ಇತ್ತು.

ಇದರ ಕೆಲಸ ನಿಮಗೆ ಗೊತ್ತೇ ಇದೆ. ಫಿಲ್ಟರಿಗೆ ಮುಂದೊಂದು ಟ್ಯೂಬ್, ಹಿಂದೊಂದು ಟ್ಯೂಬ್. ಧೂಳು ಕಟ್ಟಿದ ಹಾಗೆ ಮುಳ್ಳು ಮೇಲೇರಬೇಕು. ನಮ್ಮದು ಏರಲೇ ಇಲ್ಲ. 24ರಲ್ಲೇ ಕೂತಿತ್ತು. ಫಿಲ್ಟರ್ ಕ್ಲೀನ್ ಇದೆ ಅಂತ ನಾವು ಆರಾಮಾಗಿದ್ದೆವು! ಅತ್ತ ಗಾಳಿ ಕಡಿಮೆಯಾಗಿ, ಪ್ಯಾಕಿಂಗ್ ರೂಮಿಗೂ ಕಾರಿಡಾರಿಗೂ ಇರಬೇಕಾದ 10–15 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಕೈಬಿಡುತ್ತಿತ್ತು.

ಕಸ್ಟಮರ್ ಕಡೆಯಿಂದ ಆಡಿಟ್‌ಗೆ ಬಂದವರು ಎಎಚ್‌ಯು ಆಫ್ ಮಾಡಿ ಅಂದರು. ಫ್ಯಾನ್ ನಿಂತಿತು. ಎರಡೂ ಟ್ಯೂಬ್ ಕಿತ್ತರು. ಎರಡೂ ಕಡೆ ಬರೀ ಹೊರಗಿನ ಗಾಳಿ, ಮುಳ್ಳು ಸೊನ್ನೆಗೆ ಬರಲೇಬೇಕು ಅಲ್ವಾ? ಬರಲಿಲ್ಲ. 24 ಬಿಟ್ಟು ಕದಲಲಿಲ್ಲ. ಅವರು ಬೆರಳಿನಿಂದ ತಟ್ಟಿದರು. ಟಕ್ ಅಂತ 9ಕ್ಕೆ ಬಿದ್ದು ಅಲ್ಲೇ ನಿಂತಿತು. ಅವರು ನನ್ನ ಮುಖ ನೋಡಿದರು. ಪಕ್ಕದಲ್ಲಿ ನಮ್ಮ ಮಾಲೀಕರು. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಆಮೇಲೆ ಪಾರದರ್ಶಕ ಟ್ಯೂಬನ್ನು ಯು ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ಹಾಕಿ, ಅದೇ ಫಿಲ್ಟರಿಗೆ ಕೊಟ್ಟೆವು. ಫ್ಯಾನ್ ಓಡುವಾಗ ಎರಡು ಕಡೆಯ ನೀರಿಗೂ 58 ಮಿ.ಮೀ. ವ್ಯತ್ಯಾಸ. ಗೇಜ್ ಹೇಳುತ್ತಿದ್ದದ್ದು 24!

ಅಂಗಡಿಯವನಿಗೆ ಫೋನ್ ಮಾಡಿದೆ. “ಹೈ, ಲೋ ಉಲ್ಟಾ ಕೊಟ್ಟಿರ್ತೀರ ಸಾರ್.” ಇಲ್ಲಪ್ಪ, ಎರಡು ಟ್ಯೂಬ್ ಅದಲುಬದಲು ಕೊಟ್ಟರೆ ಮುಳ್ಳು ಸೊನ್ನೆಗಿಂತ ಕೆಳಗೆ ಹೋಗುತ್ತೆ. “ಹಂಗಾದ್ರೆ ಗಾಡೀಲಿ ಕುಲುಕಿರುತ್ತೆ.” ಮೂರೂ ಕುಲುಕಿದವಾ? ನೀರಿನ ಲೆಕ್ಕ ಹೇಳಿದೆ. ಅದಕ್ಕೆ ಅವನು, “ನೀರಿಗಿಂತ ನಮ್ಮ ಗೇಜ್ ಆಕ್ಯುರೇಟ್ ಸಾರ್” ಅಂದ! ಇದನ್ನು ಕೇಳಿ ನನಗೆ ಮಾತೇ ಹೊರಡಲಿಲ್ಲ. ಕೊನೆಗೆ, “ಓಪನ್ ಮಾಡಿದ ಮಾಲು ವಾಪಸ್ ಇಲ್ಲ.” ಓಪನ್ ಮಾಡದೆ ಗೇಜ್ ಹಾಕೋದು ಹೇಗೆ ಸ್ವಾಮಿ?

ಸರ್ಟಿಫಿಕೇಟ್ ತೆಗೆದು ಜೋಡಿಸಿ ನೋಡಿದರೆ ಮೂರಕ್ಕೂ ಒಂದೇ ಯುಎಲ್‌ಆರ್ ನಂಬರ್. ಒಂದೊಂದು ಸರ್ಟಿಫಿಕೇಟಿಗೂ ಬೇರೆ ಬೇರೆ ಇರಬೇಕಾದ ನಂಬರ್ ಅದು. ರೀಡಿಂಗ್‌ಗಳೂ ದಶಮಾಂಶದವರೆಗೆ ಒಂದೇ. ಸೀರಿಯಲ್ ನಂಬರ್ ಮಾತ್ರ ಬದಲಾಯಿಸಿ ಜೆರಾಕ್ಸ್ ಹೊಡೆದಿದ್ದಾರೆ. ಬಿಲ್ಲಿನಲ್ಲಿ “ಗೇಜ್, 3” ಅಷ್ಟೇ. ಮೇಕ್ ಇಲ್ಲ, ಮಾಡೆಲ್ ಇಲ್ಲ. 18 ಪರ್ಸೆಂಟ್ ಜಿಎಸ್‌ಟಿ ಮಾತ್ರ ಸರಿಯಾಗಿ ಹಾಕಿದ್ದಾನೆ.

ನೀವು ತಗೊಳ್ಳೋದಾದರೆ ಅಂಗಡಿಯಲ್ಲೇ ಬಾಕ್ಸ್ ಬಿಚ್ಚಿಸಿ. ಗೇಜನ್ನು ಗೋಡೆಗೆ ಹಾಕುವ ಹಾಗೆ ನೆಟ್ಟಗೆ ಹಿಡಿದು ಸೊನ್ನೆ ನೋಡಿ. ಹೈ ಪೋರ್ಟಿಗೆ (ಹೆಚ್ಚು ಒತ್ತಡದ ಕಡೆಯ ತೂತಿಗೆ) ಟ್ಯೂಬ್ ಹಾಕಿ ಮೆತ್ತಗೆ ಊದಿ, ಜೋರಾಗಿ ಬೇಡ, ಬಿಟ್ಟ ತಕ್ಷಣ ಮುಳ್ಳು ಸೊನ್ನೆಗೆ ವಾಪಸ್ ಬರಬೇಕು. ಸರ್ಟಿಫಿಕೇಟಿನಲ್ಲಿರುವ ಲ್ಯಾಬ್‌ಗೇ ಫೋನ್ ಮಾಡಿ ನಂಬರ್ ಕೇಳಿ. ಸೀರಿಯಲ್ ನಂಬರ್ ಬಿಲ್ಲಿಗೆ ಬರೆಸಿ. ಗೊಣಗಿದರೆ ಪಕ್ಕದ ಅಂಗಡಿಗೆ ನಡೀರಿ.

ನಮ್ಮ ದುಡ್ಡು ಇನ್ನೂ ಬಂದಿಲ್ಲ. ಮತ್ತೆ ಫೋನ್ ಮಾಡಿದರೆ, “ಸಾರ್, ಹೊಸ ಸ್ಟಾಕ್ ಬಂದಿದೆ, ಎಷ್ಟು ಕಳಿಸ್ಲಿ?” ಅಂತಾನೆ.