ಕಾಂಕ್, ಲಾಂಬಿ, ಕರ್ರೂಚೊ: ಯಾವ ದ್ವೀಪದ್ದು ತಿನ್ನಬೇಕು?

ಕೆರಿಬಿಯನ್ ಕಡೆ ಹೋಗಿ ಬಂದವರಲ್ಲಿ ಕಾಂಕ್ ಅನ್ನುವ ದೊಡ್ಡ ಸಮುದ್ರ ಬಸವನಹುಳುವಿನ ಬಗ್ಗೆ ಎರಡೇ ಅಭಿಪ್ರಾಯ ಇರುತ್ತದೆ. ಒಬ್ಬರು ಬಾಯಿ ಚಪ್ಪರಿಸುತ್ತಾರೆ, ಇನ್ನೊಬ್ಬರು 'ರಬ್ಬರ್ ಕಣ್ರೀ' ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಯಾವ ದ್ವೀಪದಲ್ಲಿ ತಿಂದರು, ಅಲ್ಲಿ ಅದನ್ನು ಎಷ್ಟು ಹೊತ್ತು ಬೇಯಿಸಿದ್ದರು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ನಾನು ಬಹಾಮಾಸ್, ಗ್ವಾಡಲೂಪ್, ಪೋರ್ಟೊ ರಿಕೊ ಮತ್ತು ಟೊಬೇಗೊದಲ್ಲಿ ತಿಂದು ನೋಡಿದ್ದೇನೆ. ನಾಲ್ಕೂ ಕಡೆ ಪ್ರಾಣಿ ಒಂದೇ. ತಟ್ಟೆಯಲ್ಲಿ ಬರುವುದು ಮಾತ್ರ ಬೇರೆ ಬೇರೆ. ಹೆಸರೂ ಬೇರೆ.

ಮೊದಲು ಪ್ರಾಣಿಯ ವಿಷಯ. ಇದು ನಮ್ಮ ದೇವರ ಮನೆಯಲ್ಲಿರುವ ಶಂಖ ಅಲ್ಲ. ಅದು ಹಿಂದೂ ಮಹಾಸಾಗರದ ಬೇರೆ ಜಾತಿ. ಕೆರಿಬಿಯನ್‌ನವರು ತಿನ್ನುವುದು ಕ್ವೀನ್ ಕಾಂಕ್. ಸುಮಾರು ಒಂದಡಿ ಬೆಳೆಯುತ್ತದೆ. ಒಳಗೆ ಗುಲಾಬಿ ಬಣ್ಣ. ಬಲಿತ ಮೇಲೆ ಚಿಪ್ಪಿನ ತುಟಿ ಅಗಲವಾಗಿ ಹೊರಗೆ ಚಾಚುತ್ತದೆ. ಸಮುದ್ರದ ತಳದ ಹುಲ್ಲಿನ ನಡುವೆ ಪಾಚಿ ತಿಂದುಕೊಂಡು ಬದುಕುತ್ತದೆ. ತೆವಳುವುದಿಲ್ಲ, ಕಾಲನ್ನು ಮರಳಿಗೆ ಊರಿ ಕುಪ್ಪಳಿಸುತ್ತದೆ. ನಾವು ತಿನ್ನುವುದು ಆ ಕಾಲನ್ನೇ. ಪೂರ್ತಿ ಸ್ನಾಯು, ಅದಕ್ಕೇ ಅಷ್ಟು ಗಟ್ಟಿ.

ಮಂಗಳೂರು ಕಡೆ ಸ್ಕ್ವಿಡ್‌ಗೆ ಬೊಂಡಾಸ್ ಅನ್ನುತ್ತಾರಲ್ಲ, ಅದನ್ನು ಮನೆಯಲ್ಲಿ ಮಾಡಿದವರಿಗೆ ಇದರ ಗುಣ ಬೇಗ ಗೊತ್ತಾಗುತ್ತದೆ. ಬೆಂಕಿಗೆ ಒಂದೆರಡು ನಿಮಿಷ ಮಾತ್ರ ತೋರಿಸಬೇಕು, ಇಲ್ಲವೇ ಮೆತ್ತಗಾಗುವ ತನಕ ಬಿಡದೆ ಬೇಯಿಸಬೇಕು. ನಡುವೆ ಇಳಿಸಿದರೆ ಕೆಟ್ಟಿತು. ಕಾಂಕ್‌ಗೆ ಇನ್ನೊಂದು ದಾರಿಯೂ ಇದೆ: ಒಲೆಯ ಹತ್ತಿರವೇ ಒಯ್ಯದಿರುವುದು.

ಆ ದಾರಿಯಲ್ಲಿ ಪಳಗಿದವರು ಬಹಾಮಾಸ್‌ನವರು. ಇಂಗ್ಲಿಷಿನಲ್ಲಿ ಬರೆದಾಗ ಕೊನೆಗೆ ಸಿ ಮತ್ತು ಎಚ್ ಬರುವುದರಿಂದ ನಮ್ಮವರು ಇದನ್ನು 'ಕಾಂಚ್' ಅಂತ ಓದುತ್ತಾರೆ. ಕ್ರೂಸ್ ಹಡಗಿನಿಂದ ಇಳಿಯುವ ಅಮೆರಿಕದ ಎಷ್ಟೋ ಜನರೂ ಹಾಗೇ ಓದುತ್ತಾರೆ. ಅಲ್ಲಿಯವರ ಬಾಯಲ್ಲಿ ಅದು 'ಕಾಂಕ್'. ಕಾಂಚ್ ಅಂದರೂ ತಟ್ಟೆ ಬರುತ್ತದೆ, ಜೊತೆಗೆ ಒಂದು ನಗೆಯೂ ಬರುತ್ತದೆ. ದೇಶದ ಲಾಂಛನದ ನೆತ್ತಿಯ ಮೇಲೇ ಇದರ ಚಿಪ್ಪನ್ನು ಇಟ್ಟುಕೊಂಡಿರುವ ಜನ. ಹೆಸರಿನ ವಿಷಯದಲ್ಲಿ ಅಷ್ಟು ಅಭಿಮಾನ ಇರಲೇಬೇಕಲ್ವಾ?

ರಾಜಧಾನಿ ನಸ್ಸೌ ಊರಿನಲ್ಲಿ ಕಾಂಕ್ ತಿನ್ನಲು ಎರಡು ಜಾಗ ಹೆಸರುವಾಸಿ. ಒಂದು ಅರವಾಕ್ ಕೀ, ಅದನ್ನು ಎಲ್ಲರೂ 'ಫಿಶ್ ಫ್ರೈ' ಅಂತಲೇ ಕರೆಯುತ್ತಾರೆ. ಇನ್ನೊಂದು ಪ್ಯಾರಡೈಸ್ ಐಲೆಂಡ್ ಸೇತುವೆಯ ಕೆಳಗಿರುವ ಪಾಟರ್ಸ್ ಕೀ. ಬೋರ್ಡಿನ ಮೇಲಿನ ಅಕ್ಷರ ನೋಡಿದರೆ 'ಕೇ' ಅನ್ನಿಸುತ್ತದೆ, ಆದರೆ ಟ್ಯಾಕ್ಸಿಯವನಿಗೆ 'ಕೀ' ಅಂತಲೇ ಹೇಳಿ. ಎರಡರಲ್ಲಿ ನನಗೆ ಹಿಡಿಸಿದ್ದು ಪಾಟರ್ಸ್ ಕೀ. ಮೀನಿನ ದೋಣಿಗಳು ಪಕ್ಕದಲ್ಲೇ ನಿಂತಿರುತ್ತವೆ, ವಾಸನೆಯೂ ಹಾಗೇ ಇರುತ್ತದೆ. ಕುಟುಂಬದ ಜೊತೆ, ಸ್ವಲ್ಪ ಸಂಗೀತ, ಕುರ್ಚಿ ಮೇಜು ಬೇಕು ಅನ್ನುವವರಿಗೆ ಅರವಾಕ್ ಕೀ ಸರಿ.

ಸಾಲಡ್ ಮಾಡುವುದನ್ನು ನಿಂತು ನೋಡಬೇಕು. ಚಿಪ್ಪಿನ ತುದಿಯ ಹತ್ತಿರ ಸುತ್ತಿಗೆಯಿಂದ ಸಣ್ಣ ತೂತು ಮಾಡುತ್ತಾರೆ. ಅದರೊಳಗೆ ಚಾಕು ತೂರಿಸಿ, ಪ್ರಾಣಿ ಚಿಪ್ಪಿಗೆ ಅಂಟಿಕೊಂಡಿರುವ ಜಾಗವನ್ನು ಕತ್ತರಿಸುತ್ತಾರೆ. ಆಮೇಲೆ ಬಾಯಿ ಕಡೆಯಿಂದ ಎಳೆದರೆ ಪೂರ್ತಿ ಹೊರಗೆ ಬಂದುಬಿಡುತ್ತದೆ. ಕರುಳು, ಸಿಪ್ಪೆ ತೆಗೆದು ಬಿಳಿಯ ಮಾಂಸ ಉಳಿಸಿಕೊಳ್ಳುತ್ತಾರೆ. ಈ ನಡುವೆ ಗಾಜಿನ ಕಡ್ಡಿಯಂತಹ ಒಂದು ಜಾರುವ ವಸ್ತು ಸಿಗುತ್ತದೆ. ಅದಕ್ಕೆ 'ಪಿಸ್ಟಲ್' ಅನ್ನುತ್ತಾರೆ. ಹಸಿಯಾಗಿ ನುಂಗಿದರೆ ಗಂಡಸರ ಶಕ್ತಿ ಹೆಚ್ಚುತ್ತದೆ ಅಂತ ಅಲ್ಲಿನ ನಂಬಿಕೆ. ನುಂಗಿ ನೋಡಿದೆ. ಉಪ್ಪುನೀರಿನ ರುಚಿ ಬಿಟ್ಟರೆ ಬೇರೇನೂ ಇಲ್ಲ.

ಮಾಂಸವನ್ನು ಸಣ್ಣಗೆ ಹೆಚ್ಚಿ ಈರುಳ್ಳಿ, ಟೊಮೆಟೊ, ದೊಣ್ಣೆ ಮೆಣಸಿನಕಾಯಿ ಸೇರಿಸಿ, ಮೇಲೆ ನಿಂಬೆರಸ, ಹುಳಿ ಕಿತ್ತಳೆ ರಸ ಹಿಂಡುತ್ತಾರೆ. ಖಾರಕ್ಕೆ 'ಗೋಟ್ ಪೆಪ್ಪರ್' ಹಾಕುತ್ತಾರೆ. ಹಣ್ಣಿನ ಪರಿಮಳ ಇರುವ ಘಾಟು ಮೆಣಸಿನಕಾಯಿ ಅದು. ಎಷ್ಟು ಹಾಕಲಿ ಅಂತ ಕೇಳುತ್ತಾರೆ. ಆಂಧ್ರ ಊಟ ತಿಂದು ಅಭ್ಯಾಸ ಇದೆ ಅನ್ನುವ ಧೈರ್ಯ ಇಲ್ಲಿ ಬೇಡ. ಒಂದು ಚೂರು ಸಾಕು. ಮಾವು, ಅನಾನಸ್ ಹಾಕಿದ 'ಟ್ರಾಪಿಕಲ್' ಸಾಲಡ್ ಅಂತಲೂ ಮಾಡುತ್ತಾರೆ. ಅದು ಬೇಡವೇ ಬೇಡ. ಹಣ್ಣಿನ ಸಿಹಿಯಲ್ಲಿ ಕಾಂಕ್‌ನ ಸಿಹಿ ಕಳೆದುಹೋಗುತ್ತದೆ.

ಹೌದು, ಹಸಿ ಕಾಂಕ್‌ಗೆ ಒಂದು ಸಿಹಿ ಇದೆ. ಮೊದಲು ಉಪ್ಪು, ಅಗಿಯುತ್ತ ಹೋದಂತೆ ಸಿಹಿ. ಅಗಿಯಲು ಸ್ವಲ್ಪ ಕೆಲಸ ಇದೆ, ಆದರೆ ರಬ್ಬರ್ ಅಲ್ಲ. ಇದಕ್ಕಿಂತ ಒಂದು ಕೈ ಮೇಲೆ ಅನ್ನಿಸಿದ್ದು 'ಸ್ಕಾರ್ಚ್‌ಡ್ ಕಾಂಕ್'. ಹೆಸರು ಕೇಳಿದರೆ ಸುಟ್ಟಿದ್ದು ಅಂದುಕೊಳ್ಳಬೇಕು. ಬೆಂಕಿಯ ಸುಳಿವೇ ಇಲ್ಲ. ಇಡೀ ಮಾಂಸಕ್ಕೆ ಚಾಕುವಿನಿಂದ ಅಡ್ಡಡ್ಡ ಗೀರು ಹಾಕಿ, ಉಪ್ಪು, ನಿಂಬೆ, ಮೆಣಸಿನಕಾಯಿ, ಈರುಳ್ಳಿ ಹಾಕಿ ಕೊಡುತ್ತಾರೆ, ಅಷ್ಟೇ. ಪ್ರವಾಸಿಗರು ಕೇಳುವುದು ಕಮ್ಮಿ, ಊರಿನವರು ಕೇಳುವುದು ಜಾಸ್ತಿ.

ಹಸಿ ತಿನ್ನುವಾಗ ಒಂದು ಎಚ್ಚರ ಬೇಕು. ವಿಬ್ರಿಯೊ ಅನ್ನುವ ಬ್ಯಾಕ್ಟೀರಿಯಾ ಉಪ್ಪುನೀರಿನಲ್ಲಿ ಬೆಳೆಯುತ್ತದೆ. ನಿಂಬೆಹುಳಿಗೆ ಅದು ಪೂರ್ತಿ ಸಾಯುವುದಿಲ್ಲ. 2018ರಲ್ಲಿ ನಸ್ಸೌನಲ್ಲಿ ಇದರಿಂದ ಕೆಲವರಿಗೆ ಹೊಟ್ಟೆ ಕೆಟ್ಟಿದ್ದು ಸುದ್ದಿಯಾಗಿತ್ತು. ಹಾಗಾಗಿ ಎರಡು ವಿಷಯ ನೋಡಿಕೊಳ್ಳಿ: ಚಿಪ್ಪು ಈಗ ಒಡೆದದ್ದಾ, ಮಾಂಸವನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದರಾ. ಗರ್ಭಿಣಿಯರು, ಲಿವರ್ ತೊಂದರೆ ಇರುವವರು ಹಸಿಯದನ್ನು ಮುಟ್ಟುವುದೇ ಬೇಡ.

ಬಹಾಮಾಸ್‌ನಲ್ಲೇ ಕರಿದದ್ದೂ ಇದೆ. 'ಕ್ರ್ಯಾಕ್‌ಡ್ ಕಾಂಕ್' ಅಂದರೆ ಸುತ್ತಿಗೆಯಲ್ಲಿ ಬಡಿದು ತೆಳ್ಳಗೆ ಮಾಡಿ, ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಬಡಿದವರ ಕೈ ಚೆನ್ನಾಗಿದ್ದರೆ ಬಾಯಲ್ಲಿ ಸಲೀಸಾಗಿ ಹರಿಯುತ್ತದೆ. ಸಮುದ್ರ ದಂಡೆಯ ಒಂದು ದುಬಾರಿ ಹೋಟೆಲಿನಲ್ಲಿ ಬಡಿಯದೆ ಕರಿದು ಕೊಟ್ಟಿದ್ದರು. ಮೇಲಿನ ಹಿಟ್ಟು ತಿಂದು ಉಳಿದದ್ದನ್ನು ಬಿಟ್ಟು ಎದ್ದೆ. ಆದ್ದರಿಂದ ಅಡುಗೆಮನೆಯಿಂದ ಟಪ್ ಟಪ್ ಸದ್ದು ಕೇಳುವ ಜಾಗದಲ್ಲೇ ಇದನ್ನು ಹೇಳಿ. 'ಫ್ರಿಟರ್' ಬಗ್ಗೆ ಹೇಳುವುದು ಕಮ್ಮಿ. ಒಂದು ಥರ ಬೋಂಡಾ. ಹಿಟ್ಟು ಹೆಚ್ಚು, ಕಾಂಕ್ ಹುಡುಕಬೇಕು. ಬಿಸಿ ಇರುವಾಗ ಮಕ್ಕಳಿಗೆ ಖುಷಿ. ಕಾಂಕ್ ತಿಂದೆ ಅಂತ ಹೇಳಿಕೊಳ್ಳಲು ಮಾತ್ರ ಅದು ಸಾಲದು.

ಗ್ವಾಡಲೂಪ್‌ಗೆ ಬಂದರೆ ಕಾಂಕ್ ಅನ್ನುವ ಹೆಸರನ್ನೇ ಮರೆಯಬೇಕು. ಅಲ್ಲಿ ಅದು ಲಾಂಬಿ. ಹೆಸರಿನ ಮೊದಲ ಭಾಗವನ್ನು ಮೂಗಿನಲ್ಲಿ ಎಳೆಯುತ್ತಾರೆ. ಬೇರೆ ತಿಂಡಿಗಳ ಹೆಸರು ಇಷ್ಟು ಸುಲಭ ಇಲ್ಲ. ಸಿಗಡಿಗೆ ಅವರು ಅನ್ನುವುದು 'ವಾಸೂ'. ಮೆನುವಿನಲ್ಲಿ ಅದಕ್ಕೆ ಎಂಟು ಅಕ್ಷರ ಬರೆದಿರುತ್ತಾರೆ, ಅರ್ಧಕ್ಕೆ ಬಾಯಲ್ಲಿ ಕೆಲಸವೇ ಇಲ್ಲ. ಉಪ್ಪು ಮೀನಿನ ವಡೆಗೆ 'ಅಕ್ರಾ', ಕೊನೆಯ ಎಸ್ ನುಂಗಿಬಿಡಬೇಕು. ಹೀಗೆ ನುಂಗುವುದನ್ನೇ ನಿಯಮ ಅಂದುಕೊಂಡರೆ 'ಬೊಕಿತ್' ಅನ್ನುವ ಕರಿದ ರೊಟ್ಟಿ ಬಂದು ಕೈಕೊಡುತ್ತದೆ. ಅದರಲ್ಲಿ ಕೊನೆಯ ತ್ ಸ್ಪಷ್ಟವಾಗಿ ಕೇಳಬೇಕು. ನನ್ನ ಉಪಾಯ ಸರಳ. ಮೆನು ಓದಿ ಹೇಳಲು ಹೋಗುವುದಿಲ್ಲ. ಪಕ್ಕದ ಮೇಜಿನವರು ಹೇಳಿದ್ದನ್ನು ಕೇಳಿ ಫೋನಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಕಿವಿಗೆ ಬಿದ್ದಂತೆ ಬರೆಯಲು ನಮ್ಮ ಲಿಪಿ ಇಂಗ್ಲಿಷಿಗಿಂತ ಎಷ್ಟೋ ವಾಸಿ.

ಲಾಂಬಿಯನ್ನು ಇವರು ಹಸಿಯಾಗಿ ಕೊಡಲು ಆತುರಪಡುವುದಿಲ್ಲ. ನನಗೆ ಸಿಕ್ಕಿದ್ದು 'ಫ್ರಿಕಾಸೆ'. ನಿಂಬೆ, ಬೆಳ್ಳುಳ್ಳಿಯಲ್ಲಿ ನೆನೆಸಿಟ್ಟು, ಈರುಳ್ಳಿ ಸೊಪ್ಪು, ಥೈಮ್, ಟೊಮೆಟೊ ಹಾಕಿ ಮೆತ್ತಗಾಗುವ ತನಕ ಬೇಯಿಸುತ್ತಾರೆ. ಮನೆಗಳಲ್ಲಿ ಕುಕ್ಕರ್ ಬಳಸುವವರೂ ಇದ್ದಾರೆ. ಗಟ್ಟಿ ಸ್ನಾಯು ಕರಗಿ ಗೊಜ್ಜಿಗೇ ಅಂಟು ಬಂದಿರುತ್ತದೆ. ಅನ್ನ, ಕೆಂಪು ಕಾಳಿನ ಜೊತೆ ಬಡಿಸುತ್ತಾರೆ. ಬೇಯಿಸಿದ ಬಗೆಗಳಲ್ಲಿ ನನಗೆ ಇದೇ ಮೊದಲು. ಪಕ್ಕದಲ್ಲಿ 'ಕ್ರಿಸ್ತೊಫೀನ್' ಗ್ರತೆನ್ ಇತ್ತು, ಅಂದರೆ ಮೇಲೆ ಚೀಸ್ ಹಾಕಿ ಓವನ್‌ನಲ್ಲಿ ಕೆಂಪಗೆ ಮಾಡಿದ್ದು. ಕ್ರಿಸ್ತೊಫೀನ್ ಏನು ಅಂತ ನೋಡಿದರೆ ನಮ್ಮ ಸೀಮೆಬದನೆಕಾಯಿ!

ಮೆನುವಿನಲ್ಲಿ 'ಕೊಲೊಂಬೊ' ಲಾಂಬಿಯೂ ಇರುತ್ತದೆ. ಹೆಸರು ನೋಡಿ ಆಸೆಪಟ್ಟು ತರಿಸಿಕೊಂಡೆ. ಕೊಲೊಂಬೊ ಅಂದರೆ ಅಲ್ಲಿಯ ಮಸಾಲೆ ಪುಡಿ. ಕೊತ್ತಂಬರಿ, ಜೀರಿಗೆ, ಅರಿಶಿನ, ಮೆಂತ್ಯ, ಸಾಸಿವೆ ಹಾಕಿ ಮಾಡಿದ್ದು. ಕಬ್ಬಿನ ತೋಟಗಳ ಕೂಲಿಗೆ ಕರೆತಂದ ಭಾರತೀಯರ ಜೊತೆ ಬಂದ ರುಚಿ. ಅವರ ಮೊದಲ ಹಡಗು 'ಔರೆಲಿ' ಗ್ವಾಡಲೂಪ್ ಮುಟ್ಟಿದ್ದು 1854ರ ಡಿಸೆಂಬರ್‌ನಲ್ಲಿ. ಪುಡಿಯ ವಾಸನೆಗೆ ಮನೆ ನೆನಪಾಗುತ್ತದೆ, ನಿಜ. ಆದರೆ ಕರಿಬೇವು ಇಲ್ಲ, ಹುಣಸೆ ಇಲ್ಲ, ಖಾರವೂ ಇಲ್ಲ. ಕೋಳಿಗೆ ಆ ಪುಡಿ ಚೆನ್ನ. ಲಾಂಬಿಗೆ ಫ್ರಿಕಾಸೆಯೇ ಸರಿ.

ಮಸಾಲೆಯಲ್ಲಿ ಕಾಂಕ್ ರುಚಿ ಮುಚ್ಚಿಹೋಗುವ ಈ ಸಮಸ್ಯೆ ಟೊಬೇಗೊದಲ್ಲಿ ಇನ್ನೂ ದೊಡ್ಡದು. ಸ್ಟೋರ್ ಬೇ ಕಡಲತೀರದಲ್ಲಿ ಹೆಂಗಸರು ನಡೆಸುವ ಸಾಲು ಅಂಗಡಿಗಳಿವೆ. ಅಲ್ಲಿ ಏಡಿ ಮತ್ತು ಡಂಪ್ಲಿಂಗ್ ಪ್ರಸಿದ್ಧ. ಅದೇ ಸಾರಿನಲ್ಲಿ ಕಾಂಕ್ ಕೂಡ ಸಿಗುತ್ತದೆ. ಟ್ರಿನಿಡಾಡ್‌ಗೆ ಭಾರತೀಯರು ಕಾಲಿಟ್ಟದ್ದು 1845ರ ಮೇ 30ರಂದು, 'ಫತೆಲ್ ರಜಾಕ್' ಹಡಗಿನಲ್ಲಿ. ಅವರ ಮಸಾಲೆ ಪಕ್ಕದ ದ್ವೀಪವಾದ ಟೊಬೇಗೊಗೂ ಬಂದು ಕೂತಿದೆ. ಸಾರು ಬೊಂಬಾಟ್. ಎರಡನೇ ಸಲ ಹಾಕಿಸಿಕೊಂಡೆ. ಆದರೆ ಅದರಲ್ಲಿ ಕಾಂಕ್ ಬದಲು ಯಾವ ಮಾಂಸ ಹಾಕಿದ್ದರೂ ನಡೆಯುತ್ತಿತ್ತು. ಅಲ್ಲಿ ಏಡಿಯನ್ನೇ ತಿನ್ನಿ.

ಹೆಸರುಗಳ ಮಟ್ಟಿಗೆ ಟೊಬೇಗೊ ನಮಗೆ ಸಲೀಸು. ರೋಟಿ, ದಾಲ್‌ಪುರಿ, ಆಲೂ ಎಲ್ಲ ಗೊತ್ತಿರುವ ಮಾತೇ. ಎಡವುವುದು ಬೇರೆ ಕಡೆ. ಸಾರಿಗೆ ಹಾಕುವ ಉದ್ದ ಎಲೆಯ ಸೊಪ್ಪಿನ ಹೆಸರು ಬರೆದದ್ದು ನೋಡಿದರೆ 'ಚಾಡನ್ ಬೆನಿ' ಅನ್ನಿಸುತ್ತದೆ, ಅವರು ಅನ್ನುವುದು 'ಶ್ಯಾಡೊ ಬೆನಿ'. ವಾಸನೆ ಕೊತ್ತಂಬರಿ ಸೊಪ್ಪಿನದೇ, ಇನ್ನಷ್ಟು ಜೋರು. ಹರಿದ ಪರೋಟದಂತೆ ಬರುವ ರೋಟಿಗೆ 'ಬಸ್ ಅಪ್ ಶಟ್' ಅನ್ನುತ್ತಾರೆ. ಹರಿದುಹೋದ ಅಂಗಿಯ ಹಾಗೆ ಕಾಣುತ್ತದೆ ಅಂತ ಆ ಹೆಸರು.

ಪೋರ್ಟೊ ರಿಕೊದಲ್ಲಿ ಇದು 'ಕರ್ರೂಚೊ'. ಇಲ್ಲಿ ಚ ಇದೆ, ಧೈರ್ಯವಾಗಿ ಚ ಅನ್ನಿ. ರಕಾರವನ್ನು ನಾಲಿಗೆ ಅದುರಿಸಿ ಹೇಳಬೇಕು. ಕೆಲವರು ಅದನ್ನು ಗಂಟಲಿನಿಂದ ತೆಗೆದು 'ಕಖೂಚೊ' ಅನ್ನುವಂತೆ ಹೇಳುವುದೂ ಉಂಟು. ಕೇಳಿ ಗಾಬರಿ ಬೀಳಬೇಡಿ, ಎರಡೂ ಒಂದೇ. ಪೂರ್ವ ತೀರದ ನಾಗ್ವಾಬೊ ಊರಿನ ದಂಡೆಯಲ್ಲಿ ಇದರ ಸಾಲಡ್ ತಿಂದೆ. ಬಹಾಮಾಸ್‌ನ ಸಾಲಡ್‌ಗೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಮೆತ್ತಗೆ ಬೇಯಿಸಿ, ತಣ್ಣಗೆ ಮಾಡಿ, ಆಲಿವ್ ಎಣ್ಣೆ, ವಿನೆಗರ್, ಈರುಳ್ಳಿ, ಆಲಿವ್ ಕಾಯಿ ಹಾಕಿ ಕಲಸಿಟ್ಟಿರುತ್ತಾರೆ. ಪಕ್ಕದಲ್ಲಿ 'ತೊಸ್ತೋನೆಸ್', ಅಂದರೆ ಬಾಳೆಕಾಯಿ ತುಂಡನ್ನು ಚಪ್ಪಟೆ ಮಾಡಿ ಎರಡು ಸಲ ಕರಿದದ್ದು. ನಾಲ್ಕೂ ಕಡೆಯಲ್ಲಿ ಅತ್ಯಂತ ಮೆದು ಇದೇ. ಎಲ್ಲಿ ತಿಂದರೂ ಹೆಚ್ಚು ಕಮ್ಮಿ ಒಂದೇ ಥರ ಇರುತ್ತದೆ, ಮೋಸ ಹೋಗುವ ಭಯ ಇಲ್ಲ. ಆದರೆ ಸಮುದ್ರದ ರುಚಿ ವಿನೆಗರ್‌ನಲ್ಲಿ ಅರ್ಧ ಹೋಗಿರುತ್ತದೆ.

ಹಾಗಾದರೆ ಯಾವುದು? ಹಸಿ ತಿನ್ನಬಲ್ಲವರಿಗೆ ನಸ್ಸೌ, ಅದರಲ್ಲೂ ಸ್ಕಾರ್ಚ್‌ಡ್. ಹಸಿ ಆಗದವರಿಗೆ ಗ್ವಾಡಲೂಪ್‌ನ ಫ್ರಿಕಾಸೆ. ಚಿಪ್ಪಿನ ಪ್ರಾಣಿಗಳನ್ನು ಹಿಂದೆಂದೂ ತಿನ್ನದೆ ಹೆದರಿ ಹೆದರಿ ಶುರು ಮಾಡುವವರಿಗೆ ಕರ್ರೂಚೊ ಸಾಲಡ್. ಫ್ಲೋರಿಡಾದ ಕೀ ವೆಸ್ಟ್‌ನಲ್ಲಿ ತಿಂದರೆ ಸಾಲದಾ ಅಂತ ಅಮೆರಿಕದಲ್ಲಿರುವ ಸ್ನೇಹಿತರು ಕೇಳುತ್ತಾರೆ. 1982ರಲ್ಲಿ ತಮಾಷೆಗೆ 'ಕಾಂಕ್ ರಿಪಬ್ಲಿಕ್' ಅಂತ ಘೋಷಿಸಿಕೊಂಡ ಊರು ಅದು. ಆದರೆ ಫ್ಲೋರಿಡಾದಲ್ಲಿ ಕಾಂಕ್ ಹಿಡಿಯುವುದನ್ನು 1980ರ ದಶಕದಲ್ಲೇ ನಿಲ್ಲಿಸಿದ್ದಾರೆ. ಅಲ್ಲಿ ಸಿಗುವುದೆಲ್ಲ ಬೇರೆ ದೇಶದಿಂದ ಬಂದ ಫ್ರೋಜನ್ ಮಾಲು.

ಬೇರೆ ದ್ವೀಪಗಳಲ್ಲೂ ಕಾಂಕ್ ಕಡಿಮೆಯಾಗುತ್ತಿದೆ. 1992ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕು. 2024ರಲ್ಲಿ ಅಮೆರಿಕ ಇದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಬಲಿಯಲು ಸುಮಾರು ನಾಲ್ಕು ವರ್ಷ ಬೇಕು. ಹೆಕ್ಟೇರಿಗೆ ಸುಮಾರು 50ಕ್ಕಿಂತ ಕಮ್ಮಿ ಉಳಿದರೆ ಗಂಡು ಹೆಣ್ಣು ಕೂಡುವುದೇ ನಿಂತುಹೋಗುತ್ತದೆ. ಅದಕ್ಕೇ ತುಟಿ ಚಾಚದ ಎಳೆಯದನ್ನು ಹಿಡಿಯಬಾರದು ಅಂತ ಬಹಾಮಾಸ್‌ನ ಕಾನೂನು. ತಿನ್ನುವ ಮುಂಚೆ ಚಿಪ್ಪಿನ ತುಟಿ ನೋಡಿ. ತೆಳ್ಳಗೆ, ಹೊರಗೆ ಚಾಚದೆ ಇದ್ದರೆ ಪಕ್ಕದ ಅಂಗಡಿಗೆ ಹೋಗಿ.

ಪೋರ್ಟೊ ರಿಕೊದಲ್ಲಿ ಆಗಸ್ಟ್‌ನಿಂದ ಅಕ್ಟೋಬರ್ ಕೊನೆಯ ತನಕ ಹಿಡಿಯುವುದಕ್ಕೇ ನಿಷೇಧ. ಆ ಮೂರು ತಿಂಗಳಲ್ಲಿ ಹೋದರೆ ಕರ್ರೂಚೊ ಕೇಳಲು ಹೋಗಬೇಡಿ. ಅದೇ ಎಣ್ಣೆ, ಅದೇ ವಿನೆಗರ್ ಹಾಕಿದ ಆಕ್ಟೋಪಸ್ ಸಾಲಡ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. 'ಪುಲ್ಪೊ' ಅನ್ನಿ. ಅದಕ್ಕೆ ನಾಲಿಗೆ ಅದುರಿಸುವ ಕೆಲಸವೂ ಇಲ್ಲ.